ಪಾಲಿನ ಪಲ್ಯ

ಮೊನ್ನೆ ಬೆಳಿಗ್ಗೆ ಹಡಪಸರದ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ನಾನು ಬಾಯಿ ತೆರೆಯುವುದರೊಳಗೆ ಅಂಗಡಿಯವ ನವಿಲುಕೋಸಿನ ಎಲೆಗಳನ್ನು ಹಿಡಿಯಾಗಿ ಹಿಡಿದು, ತಿರುವಿ, ಲಟಕ್ಕನೆ ಮುರಿದ. ಮುರಿದದ್ದನ್ನು ಕಾಲ ಬಳಿಯ ಗೋಣಿಚೀಲಕ್ಕೆ ತುರುಕಿ, ಬೋಳು ಗಡ್ಡೆಗಳನ್ನು ತಕ್ಕಡಿಗೆ ಹಾಕಿ, ನನಗೆ ದೊಡ್ಡ ಉಪಕಾರ ಮಾಡಿದವನಂತೆ ಮುಖ ಮಾಡಿದ. ಆ ಎಲೆಯ ದಂಟು ಮುರಿದಾಗ ಒಂದು ಘಾಟು ಏಳುತ್ತದೆ, ಸಾಸಿವೆಗೂ ಎಲೆಕೋಸಿಗೂ ನಡುವಿನದು. ಅದು ಮೂಗಿಗೆ ಬಡಿದದ್ದೇ ತಡ, ನನ್ನ ತಲೆ ಕೆಟ್ಟಿತು. ಗಡ್ಡೆ ನೀನೇ ಇಟ್ಟುಕೋ, ಆ ಚೀಲ ಕೊಡು ಎಂದು ಮರಾಠಿಯಲ್ಲಿ ಗದರಿದೆ. ಅವ ನಕ್ಕು, "ಘರೀ ಶೇಳೀ ಆಹೇ ಕಾ, ತಾಈ?" ಎಂದ. ಮನೆಯಲ್ಲಿ ಮೇಕೆ ಸಾಕಿದ್ದೀರಾ ಅಂತ. "ಆಹೇ. ಮೀಚ್" ಎಂದೆ. ಇದೆ, ನಾನೇ ಅದು. ಅವನ ನಗು ಅರ್ಧಕ್ಕೆ ನಿಂತಿತು.

ನಿಮಗೆ ಇದು ಅತಿಯೆನ್ನಿಸಬಹುದು. ಯಾರೋ ಬಡಪಾಯಿ ಮಾರುವವನ ಮೇಲೆ, ಅದೂ ಯಾರೂ ತಿನ್ನದ ಎಲೆಗಾಗಿ, ಬೆಳಿಗ್ಗೆ ಬೆಳಿಗ್ಗೆ ಇಷ್ಟು ಸಿಟ್ಟೇ? ನನ್ನ ಗಂಡನೂ ಹೀಗೇ ಕೇಳುತ್ತಾರೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವ ಹೆಂಗಸು ನಾನೆಂಬುದು ನಮ್ಮ ಬಳಗಕ್ಕೆಲ್ಲ ಗೊತ್ತಿರುವ ಸಂಗತಿ. ರಿಕ್ಷಾದವರ ಜೊತೆ, ಗ್ಯಾಸಿನ ಸಿಲಿಂಡರ್ ತರುವವನ ಜೊತೆ, ಸೊಸೈಟಿಯ ಮೀಟಿಂಗಿನಲ್ಲಿ ನಿದ್ದೆ ಮಾಡುವ ಅಧ್ಯಕ್ಷರ ಜೊತೆ ನನ್ನ ಜಗಳ ನಡೆದೇ ಇರುತ್ತದೆ. ಅವೆಲ್ಲ ಚಿಲ್ಲರೆ ಸಿಟ್ಟುಗಳು, ಬಂದ ದಾರಿಯಲ್ಲೇ ಹೋಗುತ್ತವೆ. ನವಿಲುಕೋಸಿನ ಎಲೆಯ ಸಿಟ್ಟು ಮಾತ್ರ ನನ್ನ ಮದುವೆಯಷ್ಟೇ ಹಳೆಯದು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಜಾಪುರದ ಕಡೆಯ ಒಂದು ಹಳ್ಳಿಯಿಂದ ನಾನು ಮದುವೆಯಾಗಿ ಪುಣೆಗೆ ಬಂದೆ. ಮಾವನವರದು ಹಡಪಸರದಲ್ಲಿ ಹಗ್ಗ, ಗೋಣಿಚೀಲ, ತಾಡಪತ್ರಿ ಎನ್ನುವ ಟಾರ್ಪಾಲಿನ್ನು ಮಾರುವ ಅಂಗಡಿ. ಅಂಗಡಿಯ ಮೇಲೆಯೇ ಮನೆ. ಹಿರಿಯ ಮಗ, ಅಂದರೆ ನನ್ನ ಭಾವನವರು, ಅಪ್ಪನ ಜೊತೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ನನ್ನ ಗಂಡ ಕುರಕುಂಭದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು, ಬೆಳಿಗ್ಗೆ ಕಂಪನಿ ಬಸ್ಸು ಹಿಡಿದರೆ ಸಂಜೆಗೇ ಮನೆ. ಅಡುಗೆಮನೆಯಲ್ಲಿ ಅತ್ತೆಯವರು, ಭಾವನವರ ಹೆಂಡತಿ ಗಂಗಕ್ಕ ಮತ್ತು ಹೊಸದಾಗಿ ಬಂದ ನಾನು. ಗಂಗಕ್ಕ ಇಂಡಿ ಕಡೆಯವಳು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಕಡ್ಡಿಯಂಥ ಮೈ, ನಗು ಬಂದರೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಳ್ಳುವ ರೂಢಿ. ಅವಳಿಗೆ ಮಲ್ಲು ಎಂಬ ಮಗ, ಆಮೇಲೆ ಹುಟ್ಟಿದ ಒಂದು ಹಸುಗೂಸು ಹೆಣ್ಣುಮಗು.

ಆ ಮನೆಯಲ್ಲಿ ಗಂಡಸರದು ಮೊದಲು ಊಟ, ಆಮೇಲೆ ಮಕ್ಕಳದು, ಕಡೆಗೆ ನಮ್ಮದು. ಇದೇನು ಹೊಸದಲ್ಲ, ನನ್ನ ತವರಿನಲ್ಲೂ ಹೀಗೇ ಇತ್ತು. ಆದರೆ ತವರಿನಲ್ಲಿ ಪಲ್ಯದ ಬೋಗಾಣಿ ದೊಡ್ಡದಿತ್ತು. ಇಲ್ಲಿ ಮಾವನವರು ಒಳ್ಳೆಯ ಉಣ್ಣುವ ಮನುಷ್ಯ, ಭಾವನವರು ಅವರಿಗಿಂತ ಒಂದು ಕೈ ಮುಂದೆ. ಒಲೆಯ ಮೇಲಿಂದ ಒಂದೊಂದೇ ಬಿಸಿ ರೊಟ್ಟಿ ತಾಟಿಗೆ ಬೀಳುತ್ತಿತ್ತು, ಅದರ ಹಿಂದೆ ಪಲ್ಯ ಹೋಗುತ್ತಿತ್ತು. ಒಳಗೆ ಕೂತ ನಾನು ಸೌಟಿನ ಸಪ್ಪಳ ಕೇಳುತ್ತಿದ್ದೆ. ಮೊದಮೊದಲು ಸೌಟು ಪಲ್ಯದಲ್ಲಿ ಮುಳುಗುವ ಮೆತ್ತನೆಯ ಸದ್ದು, ಸ್ವಲ್ಪ ಹೊತ್ತಿಗೆ ಅದು ಬೋಗಾಣಿಯ ತಳ ಕೆರೆಯುವ ಸದ್ದು. ಆ ಸದ್ದು ಬಂತೆಂದರೆ ಇವತ್ತು ನಮಗೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಮತ್ತು ಉಳ್ಳಾಗಡ್ಡಿ ಎಂದು ಅರ್ಥ. ಬೆಂಗಳೂರಿನ ಕಡೆಯವರೇ, ಉಳ್ಳಾಗಡ್ಡಿ ಅಂದರೆ ಈರುಳ್ಳಿ.

ಇದಕ್ಕೆ ಗಂಗಕ್ಕ ಒಂದು ಉಪಾಯ ಕಂಡುಹಿಡಿದಿದ್ದಳು. ಮಾವನವರಿಗೆ ನವಿಲುಕೋಸೆಂದರೆ ಪ್ರಾಣ, ವಾರದಲ್ಲಿ ಮೂರು ದಿನ ಆ ಗಡ್ಡೆ ಮನೆಗೆ ಬರಲೇಬೇಕು. ಆದರೆ ಅದರ ಎಲೆಯನ್ನು ಅವರು ತಿನ್ನುವ ಪದಾರ್ಥವೆಂದೇ ಲೆಕ್ಕ ಹಿಡಿದಿರಲಿಲ್ಲ. ಅದು ಎಮ್ಮೆಗೆ ಹಾಕುವಂಥದ್ದು. ಗಂಗಕ್ಕ ಯೋಚಿಸಿದಳು: ಇವರು ಯಾವುದನ್ನು ತಿನ್ನುವುದಿಲ್ಲವೋ ಅದನ್ನೇ ನಾವು ಮಾಡಿಕೊಂಡರೆ ಅದು ನಮಗೇ ಉಳಿಯುತ್ತದೆ. ಹೀಗಾಗಿ ಗಡ್ಡೆ ಅವರಿಗೆ, ಎಲೆ ನಮಗೆ ಎಂಬ ಒಪ್ಪಂದ ಯಾರೂ ಬಾಯಿಬಿಟ್ಟು ಹೇಳದೆಯೇ ಆಗಿಹೋಗಿತ್ತು. ಕಾಯಿಪಲ್ಲೆ ತರಲು ಹೋದಾಗ ಮಾರುವವ ಎಲೆಗೆ ಕೈಹಾಕುವ ಮೊದಲೇ ಅವಳು ಕೂಗುತ್ತಿದ್ದಳು, "ಪಾಲಾ ತೋಡೂ ನಕಾ, ಭಾವೂ."

ನನಗೆ ಆಗ ಮರಾಠಿಯ ಗಂಧವೂ ಇರಲಿಲ್ಲ. ತವರಿನಲ್ಲಿ ನಮ್ಮಪ್ಪ ಮತ್ತು ಕಾಕಂದಿರು ನನಗೆ ಬುದ್ಧಿ ಬಂದಾಗಿನಿಂದ ಹೊಲದ ಪಾಲಿಗಾಗಿ ಕಿತ್ತಾಡುತ್ತಿದ್ದರು. ಪಾಲು ಎಂಬ ಶಬ್ದ ನನ್ನ ಕಿವಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಮಾರ್ಕೆಟ್ಟಿನ ನಡುವೆ ನಿಂತು ಈ ಹೆಂಗಸು ಕೈ ಅಡ್ಡ ಹಿಡಿದು ಪಾಲಾ ಪಾಲಾ ಎಂದು ಕೂಗಿದಾಗ ನಾನು ತಿಳಿದದ್ದು, ತನ್ನ ಪಾಲು ಮುಟ್ಟಬೇಡ ಎಂದು ಇವಳು ಅವನಿಗೆ ದಬಾಯಿಸುತ್ತಿದ್ದಾಳೆ ಎಂದೇ. ಎಷ್ಟು ಧೈರ್ಯದ ಹೆಂಗಸು ಎಂದು ಒಳಗೊಳಗೇ ಹೊಗಳಿಕೊಂಡೆ. ಮನೆಗೆ ಬಂದು ಅಡುಗೆ ಮಾಡುವಾಗ, "ಅಕ್ಕಾ, ಪಾಲಿನ ಪಲ್ಯಾಕ್ಕ ಬಳ್ಳೊಳ್ಳಿ ಸುಲೀಲೇನು?" ಎಂದೆ. ಅವಳಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದೆ. ಸೆರಗು ಬಾಯಿಗೆ ಹೋಯಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹುಚ್ಚಿ, ಪಾಲಾ ಅಂದ್ರ ತಪ್ಪಲಾ. ಎಲಿ. ಮರಾಠ್ಯಾಗ ಹಂಗಂತಾರ," ಎಂದು ನಗು ತಡೆದು ಹೇಳಿದಳು. ಆಮೇಲೆ ಕಣ್ಣೊರೆಸಿಕೊಂಡು, "ಆದ್ರೂ ನೀ ಅಂದದ್ದೇನ್ ಸುಳ್ಳಲ್ಲ ಬಿಡು," ಎಂದಳು. ಅವತ್ತಿನಿಂದ ನಮ್ಮಿಬ್ಬರ ನಡುವೆ ಅದರ ಹೆಸರು ಪಾಲಿನ ಪಲ್ಯವೆಂದೇ ಆಯಿತು.

ಆ ಎಲೆಯನ್ನು ಬೇಯಿಸುವುದು ಮೆಂತ್ಯ, ರಾಜಗಿರಿ ಬೇಯಿಸಿದಂತಲ್ಲ. ಅವು ಒಗ್ಗರಣೆ ಕಂಡ ಕೂಡಲೇ ಮೆತ್ತಗಾಗುವ ಸಂಭಾವಿತ ಸೊಪ್ಪುಗಳು. ಇದು ದಪ್ಪ, ಮೇಣ ಸವರಿದಂಥ ಮೈ, ನೀರು ಹಾಕಿದರೆ ಹನಿ ಹನಿಯಾಗಿ ಉರುಳಿಹೋಗುತ್ತದೆ. ಅವಸರ ಮಾಡಿದರೆ ಚರ್ಮ ಅಗಿದಂತಾಗುತ್ತದೆ. ಗಂಗಕ್ಕ ಎಲೆ ಮಡಚಿ ನಡುವಿನ ನಾರನ್ನು ತುದಿಯಿಂದ ಬುಡದವರೆಗೆ ಸರ್ರನೆ ಎಳೆದು ತೆಗೆಯುತ್ತಿದ್ದಳು. ಎಳೆಯ ದಂಟಾದರೆ ಸಣ್ಣಗೆ ಹೆಚ್ಚಿ ಅದನ್ನೂ ಹಾಕುತ್ತಿದ್ದಳು. ಎಲೆಗಳನ್ನು ಒಂದರ ಮೇಲೊಂದು ಇಟ್ಟು, ಸುರುಳಿ ಸುತ್ತಿ, ಈಳಿಗೆಯ ಮೇಲೆ ನೂಲಿನಂತೆ ಹೆಚ್ಚುತ್ತಿದ್ದಳು. ದಪ್ಪ ತಳದ ಬೋಗಾಣಿಯಲ್ಲಿ ಎಣ್ಣೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ ಕೈತುಂಬ, ಕುಟ್ಟಿದ ಹಸಿಮೆಣಸಿನಕಾಯಿ. ಬೆಳ್ಳುಳ್ಳಿ ಕೆಂಪಗಾದ ಮೇಲೆ ಎಲೆ, ಅದರ ಮೇಲೆ ಒಂದು ಹಿಡಿ ಜೋಳದ ನುಚ್ಚು. ನೀರು ಒಂದು ಹನಿಯೂ ಇಲ್ಲ. ಬೋಗಾಣಿಯ ಮೇಲೊಂದು ತಾಟು ಮುಚ್ಚಿ, ನೀರನ್ನು ಆ ತಾಟಿನಲ್ಲಿ ಹೊಯ್ಯುತ್ತಿದ್ದಳು. ಕೆಳಗಿನ ಹಬೆ ತಾಟಿಗೆ ತಾಗಿ ತಿರುಗಿ ಎಲೆಯ ಮೇಲೆ ಇಳಿಯುತ್ತಿತ್ತು. ತಳ ಹಿಡಿಯುವಂತೆ ಕಂಡರೆ ತಾಟಿನಲ್ಲೇ ಕಾದ ಆ ನೀರನ್ನು ಒಂದೆರಡು ಚಮಚ ಚಿಮುಕಿಸಿದರೆ ಆಯಿತು. ಉಪ್ಪು ಕೊನೆಗೆ, ಏಕೆಂದರೆ ಬುಟ್ಟಿ ತುಂಬ ಇದ್ದದ್ದು ಹಿಡಿಯಷ್ಟಾಗುತ್ತದೆ, ಮೊದಲೇ ಕಣ್ಣಂದಾಜಿನಲ್ಲಿ ಹಾಕಿದವರು ಕೆಟ್ಟರು.

ಎಲ್ಲಕ್ಕಿಂತ ಮುಖ್ಯ, ಉರಿ. ನಮ್ಮ ಗ್ಯಾಸಿಗೆ ಎರಡೇ ಬರ್ನರು. ಒಂದರ ಮೇಲೆ ಗಂಡಸರಿಗೆ ರೊಟ್ಟಿ. ಇನ್ನೊಂದರ ಮೇಲಿನ ಅವರ ಪಲ್ಯ ಇಳಿದ ಮೇಲೆಯೇ ನಮ್ಮದು ಏರಬೇಕು. ಏರಿದ ಮೇಲೆ ಅದಕ್ಕೆ ಅವಸರವಿಲ್ಲ, ಏಕೆಂದರೆ ನಮಗೆ ಅವಸರವಿಲ್ಲ. ಉರಿ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು. ಹೊರಗೆ ಮಾವನವರು ತಾಡಪತ್ರಿಯ ವ್ಯಾಪಾರದ ಮಾತಾಡುತ್ತ, ನಡುವೆ ತೇಗುತ್ತ, ಆರಾಮಾಗಿ ಉಣ್ಣುತ್ತಿದ್ದರು. ಅವರು ನಿಧಾನ ಮಾಡಿದಷ್ಟೂ ನಮ್ಮ ಪಲ್ಯ ಮೆತ್ತಗಾಗುತ್ತಿತ್ತು. ಹಸಿದ ಹೊಟ್ಟೆಯಲ್ಲಿ ಕಾಯುವುದಕ್ಕೆ ಇಂಥದೊಂದು ಲಾಭವಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಕಡೆಗೆ ತಾಟು ತೆಗೆದರೆ ಕಡುಹಸಿರು ಎಲೆ ಬೆಣ್ಣೆಯಂತೆ ಕುಸಿದು, ನುಚ್ಚು ಅರಳಿ, ಬೆಳ್ಳುಳ್ಳಿಯ ಘಮ ಮನೆಯೆಲ್ಲ ತುಂಬುತ್ತಿತ್ತು. ನಾವು ಮೂವರೂ ನೆಲದ ಮೇಲೆ ಕೂತು, ಆರಿದ ರೊಟ್ಟಿಯಲ್ಲಿ ಅದನ್ನು ಬಾಚಿ ಬಾಚಿ ತಿನ್ನುತ್ತಿದ್ದೆವು. ಅತ್ತೆಯವರೂ ಅಷ್ಟೇ ಖುಷಿಯಿಂದ ತಿನ್ನುತ್ತಿದ್ದರು, ಅದನ್ನು ಮರೆಮಾಚುವುದಿಲ್ಲ.

ಗಂಗಕ್ಕನಿಗೆ ಆ ಪಲ್ಯ ಬರೀ ರುಚಿಯ ಮಾತಾಗಿರಲಿಲ್ಲ. ಎರಡನೆಯ ಹೆರಿಗೆಯ ಮೇಲೆ ಅವಳ ಮೈಯಲ್ಲಿ ಏನೂ ಉಳಿದಿರಲಿಲ್ಲ. ಉಗುರು ಬಿಳಿಚಿಕೊಂಡಿದ್ದವು. ನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ನಡುವೆ ನಿಂತು ಕಟಕಟೆ ಹಿಡಿದುಕೊಳ್ಳುತ್ತಿದ್ದಳು. ಓಣಿಯ ಲೇಡಿ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲ, ಗುಳಿಗೆ ಕೊಡುತ್ತೇನೆ, ದಿನಾ ಹಸಿರು ಸೊಪ್ಪು ತಿನ್ನು ಎಂದಿದ್ದರು. ಗುಳಿಗೆ ಅವಳಿಗೆ ಒಗ್ಗಲಿಲ್ಲ, ನುಂಗಿದರೆ ವಾಂತಿ. ಉಳಿದದ್ದು ಸೊಪ್ಪು. ಅವಳು ತಿಂದರೆ ಒಂದಿಷ್ಟು ಬಣ್ಣ ಬರುತ್ತಿತ್ತು, ಅಥವಾ ನನಗೆ ಹಾಗೆ ಕಾಣುತ್ತಿತ್ತು. ನನ್ನ ತಾಟಿನಿಂದಲೂ ಒಂದಿಷ್ಟು ಅವಳ ತಾಟಿಗೆ ದೂಡುತ್ತಿದ್ದೆ.

ಈ ರಾಜ್ಯಕ್ಕೆ ಬೆಂಕಿ ಇಟ್ಟವರು ಬೇರೆ ಯಾರೂ ಅಲ್ಲ, ನನ್ನ ಗಂಡನೇ. ಒಂದು ರಜೆಯ ದಿನ ತಮ್ಮ ಊಟ ಮುಗಿಸಿ, ಅಡಿಕೆ ಹುಡುಕುತ್ತ ಅಡುಗೆಮನೆಗೆ ಬಂದರು. ಹೊಸ ಮದುವೆ, ಹೆಂಡತಿಯ ಮುಖ ನೋಡಲು ಅಡಿಕೆ ಒಂದು ನೆಪ. ನನ್ನ ತಾಟಿನಿಂದ ಚೂರು ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗೆ ಹಾಕಿಕೊಂಡರು. ಕಣ್ಣು ಅಗಲವಾದವು.

"ಇದೇನು? ನಮಗ್ಯಾಕ ಹಾಕಿಲ್ಲಾ?" ಎಂದರು.

"ತಪ್ಪಲಾ ರೀ ಅದು. ನೀವೆಲ್ಲಾ ತಿನ್ನೂದಿಲ್ಲ," ಎಂದೆ.

"ಯಾರು ಹೇಳಿದ್ರು ತಿನ್ನೂದಿಲ್ಲಂತ? ಅಪ್ಪಾ, ಇಲ್ಲಿ ನೋಡ್ರಿ, ಇವ್ರು ಒಳಗ ಏನ್ ಉಣ್ಣಾಕತ್ತಾರ."

ತಮಾಷೆಯಾಗಿಯೇ ಅಂದದ್ದು. ಮರುದಿನ ಮಾವನವರೂ ಕೇಳಿದರು, "ಆ ಎಲಿ ಪಲ್ಯಾ ನಮಗೂ ಒಂದೀಟು ಹಾಕ್ರೆವಾ." ತಿಂದರು, ತಲೆದೂಗಿದರು. ಗಂಗಕ್ಕನ ಮುಖ ಅವತ್ತು ಕೆಂಪಗಾಗಿತ್ತು. ಎಂಟು ವರ್ಷದಲ್ಲಿ ಆ ಮನೆಯಲ್ಲಿ ಅವಳ ಕೈಯಡುಗೆಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ನಾನೂ ಖುಷಿಪಟ್ಟೆ, ದಡ್ಡಿ. ಏನಾಗುತ್ತಿದೆ ಎಂದು ತಿಳಿಯಲು ವಾರವೇ ಬೇಕಾಯಿತು. ಪಲ್ಯ ಈಗ ಹೊರಗೆ ಹೋಗುತ್ತಿತ್ತು, ಹೋದದ್ದು ತಿರುಗಿ ಬರುತ್ತಿರಲಿಲ್ಲ. ಗಡ್ಡೆಯೂ ಅವರದೇ, ಎಲೆಯೂ ಅವರದೇ. ನಮಗೆ ಬೋಗಾಣಿಯ ತಳದ ಸಪ್ಪಳ.

ಎಲೆ ಇನ್ನಷ್ಟು ತಂದರಾಯಿತಲ್ಲ ಎನ್ನುತ್ತೀರಿ. ತಂದೆವು. ಬೋಗಾಣಿ ತುಂಬ ಮಾಡಿದರೆ ಭಾವನವರು ಎರಡು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದರು, ಅಷ್ಟೇ. ಅದೂ ಅಲ್ಲದೆ ಅದು ಈಗ ಗಂಡಸರ ಊಟದ ಹೊತ್ತಿಗೆ ತಯಾರಿರಬೇಕು. ಸಣ್ಣ ಉರಿಯಲ್ಲಿ ಕೂತು ಬೇಯಲು ಅದಕ್ಕೆ ಯಾರು ಬಿಡುತ್ತಾರೆ? "ಚಿಟಿಕಿ ಸ್ವಾಡಾ ಹಾಕು, ಲಗೂನ ಆಗ್ತದ," ಎಂದರು ಅತ್ತೆಯವರು. ಸೋಡಾ ಹಾಕಿದರೆ ಎಲೆ ಬೇಯುವುದಿಲ್ಲ, ಕೊಳೆಯುತ್ತದೆ. ಮೇಲೆ ಹಸಿರು ಹಸಿರಾಗಿ ಹೊಳೆಯುತ್ತದೆ, ಬಾಯಿಗೆ ಇಟ್ಟರೆ ಲೋಳೆ, ನುಂಗಿದ ಮೇಲೆ ಸಾಬೂನಿನ ಒಗರು. ಈ ಬಗ್ಗೆ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ತಯಾರು. ಗಂಡಸರು ಅದನ್ನೂ ತಿಂದು, "ಮೊದಲಿನ ರುಚಿ ಇಲ್ಲಲಾ. ಗಂಗಾ, ಮನಸಿಟ್ಟು ಮಾಡವಾ," ಎಂದರು. ಪಲ್ಯವನ್ನು ಕಿತ್ತುಕೊಂಡದ್ದಲ್ಲದೆ ಅದು ಕೆಟ್ಟದ್ದಕ್ಕೂ ಅವಳನ್ನೇ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಗಂಗಕ್ಕ ಹೂಂ ರೀ ಎಂದಳು.

ನಾನು ಅತ್ತೆಯವರಿಗೆ ಹೇಳಿ ನೋಡಿದೆ. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. "ಉಳದ್ರ ತಿನ್ನಲಿ, ಬ್ಯಾಡಂದವ್ರ್ಯಾರು?" ಎಂದರು. ಅವರ ಪ್ರಕಾರ ಅಲ್ಲಿಗೆ ನ್ಯಾಯ ಮುಗಿದಿತ್ತು. ಹಾಗಾಗಿ ಒಂದು ಮಧ್ಯಾಹ್ನ ನಾನು ಸೋಡಾ ಬೀಳುವ ಮೊದಲೇ ಒಂದು ಪಾಲು ಎಲೆ ಬೇರೆ ತೆಗೆದು, ಹಳೆಯ ಪದ್ಧತಿಯಲ್ಲಿ ಬೇಯಿಸಿ, ಒಂದು ಮುಚ್ಚಳದ ಡಬ್ಬಿಗೆ ಹಾಕಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ಅತ್ತೆಯವರಿಗೆ ಬೆಳ್ಳುಳ್ಳಿಯ ವಾಸನೆ ಬಂತು. ಡಬ್ಬಿ ಹೊರಗೆ ಬಂತು.

"ಕದ್ದು ಇಡ್ತೀಯೇನು? ಇದು ಕಳ್ಳರ ಮನೀಯೇನು?" ಎಂದು ಅವರು ಜೋರಾಗಿ ಕೇಳಿದ್ದು ಹೊರಗೆ ಉಣ್ಣುತ್ತಿದ್ದವರಿಗೆಲ್ಲ ಕೇಳಿಸಿತು. ಮಾವನವರು ಕೈ ತಡೆದು, ಯಾರಿಗೆ ಇಟ್ಟಿದ್ದು ಎಂದು ಕೇಳಿದರು. ನಾನು ಬಾಗಿಲಿಗೆ ಬಂದು ನಿಂತೆ. ಸೊಸೆಯಾದ ಮೇಲೆ ಮಾವನವರೆದುರು ತಲೆಯೆತ್ತಿ ಮಾತಾಡಿದ್ದು ಅದೇ ಮೊದಲು. "ಗಂಗಕ್ಕಗ ರೀ. ಆಕಿ ಮೈಯಾಗ ರಕ್ತ ಇಲ್ಲಂತ ಡಾಕ್ಟರ್ ಹೇಳ್ಯಾರ."

ಮಾವನವರು ಕೆಟ್ಟ ಮನುಷ್ಯರಲ್ಲ. ತಲೆ ತಗ್ಗಿಸಿದರು. ಇನ್ನೇನು, ಒಳಗಿಟ್ಟುಕೊಳ್ಳಿ ಎಂದು ಹೇಳುತ್ತಾರೆ ಎಂದು ನಾನು ಕಾದೆ. ಅಷ್ಟರಲ್ಲಿ ಭಾವನವರು, ಗಂಗಕ್ಕನನ್ನು ಕೈಹಿಡಿದ ಗಂಡ, ತಮ್ಮ ತಾಟನ್ನು ಮುಂದೆ ಸರಿಸಿದರು. "ಈಗ ಹೊರಗ ತಂದೀರಲಾ, ನೀಡ್ರಿ ಮತ್ತ. ಆಕಿಗೆ ನಾಳಿ ಮಾಡ್ಕೊಂಡ್ರಾತು."

ಅವರು ಕೇಳಿದ್ದು ಹಾಗಿರಲಿ. ಬಡಿಸಿದ್ದು ಯಾರು ಗೊತ್ತೇ? ಗಂಗಕ್ಕ. ಅತ್ತೆಯ ಕೈಯಿಂದ ಡಬ್ಬಿ ತೆಗೆದುಕೊಂಡು, ಗಂಡನ ಮುಂದೆ ಬಗ್ಗಿ, ಪೂರಾ ನೀಡಿದಳು. ಚಮಚಕ್ಕೆ ಅಂಟಿದ್ದನ್ನೂ ತಾಟಿನ ಅಂಚಿಗೆ ಟಕ್ ಟಕ್ ಎಂದು ಬಡಿದು ಬೀಳಿಸಿದಳು. ಆ ಟಕ್ ಟಕ್ ಇವತ್ತಿಗೂ ನನ್ನ ಕಿವಿಯಲ್ಲಿದೆ. ಭಾವನವರ ಮೇಲೆ ಬಂದ ಸಿಟ್ಟಿಗಿಂತ ನೂರು ಪಾಲು ಸಿಟ್ಟು ನನಗೆ ಅವಳ ಮೇಲೆ ಬಂತು. ಒಳಗೆ ಬಂದವಳನ್ನು ಯಾಕೆ ನೀಡಿದೆ ಎಂದು ಕೇಳಿದೆ. ಅವಳು ನನ್ನ ಕಡೆ ನೋಡದೆ ಡಬ್ಬಿ ತೊಳೆದಳು. ಆಮೇಲೆ ನಾವು ಆ ಪಲ್ಯದ ಮಾತು ಆಡಲಿಲ್ಲ. ಮಾರ್ಕೆಟ್ಟಿನಲ್ಲಿ ಎಲೆ ಮುರಿಯಬೇಡ ಎಂದು ಅವಳು ಕೂಗುವುದೂ ನಿಂತಿತು.

ಕಾಲ ಸರಿಯಿತು. ಮಾವನವರು, ಅತ್ತೆಯವರು ಇಬ್ಬರೂ ಹೋದರು. ಅಂಗಡಿ ಸಾಲದೆ ಭಾವನವರು ತಳೇಗಾಂವ ದಾಭಾಡೆಗೆ ಹೋಗಿ, ಅಲ್ಲಿ ಹೊಸ ಕಾರ್ಖಾನೆಗಳಿಗೆ ಪ್ಯಾಕಿಂಗ್ ಸಾಮಾನು ಕೊಡುವ ವ್ಯಾಪಾರ ಹಿಡಿದರು, ಸಂಸಾರವೂ ಅಲ್ಲಿಗೇ ಹೋಯಿತು. ನಾವು ಹಡಪಸರದಲ್ಲೇ ಉಳಿದೆವು. ಬೇರೆ ಆದ ಮೊದಲ ದಿನವೇ ನಾನು ಗಂಡನಿಗೆ ಹೇಳಿದೆ, ಇನ್ನು ಮೇಲೆ ಈ ಮನೆಯಲ್ಲಿ ಇಬ್ಬರೂ ಒಟ್ಟಿಗೇ ಊಟಕ್ಕೆ ಕೂರುವುದು, ಹಸಿವಾದರೆ ಕಾಯುವುದು ಕಲಿಯಿರಿ. ಅವರು ಕಲಿತರು. ಅವರ ಸ್ವಭಾವ ಒಳ್ಳೆಯದು, ನನ್ನದು ಕೆಟ್ಟದು, ಹಾಗಾಗಿ ಸಂಸಾರ ನಡೆದಿದೆ.

ಹೋದ ದೀಪಾವಳಿಗೆ ತಳೇಗಾಂವಕ್ಕೆ ಹೋಗಿದ್ದೆವು. ಗಂಗಕ್ಕ ಮೈಕೈ ತುಂಬಿಕೊಂಡಿದ್ದಳು, ಉಗುರು ಕೆಂಪಗಿದ್ದವು. ಮಲ್ಲುವಿಗೆ ಮದುವೆಯಾಗಿ ರೂಪಾ ಎಂಬ ಸೊಸೆ ಬಂದಿದ್ದಳು. ಕಾರ್ಖಾನೆಯೊಂದರ ಪ್ಯಾಕಿಂಗ್ ಖಾತೆಯಲ್ಲಿ ಶಿಫ್ಟಿನ ಕೆಲಸ ಮಾಡುವ ಹುಡುಗಿ. "ನೀ ಬರ್ತೀಯಂತ ಪಾಲಿನ ಪಲ್ಯಾ ಮಾಡೀನಿ. ಸ್ವಾಡಾ ಹಾಕಿಲ್ಲ," ಎಂದು ಗಂಗಕ್ಕ ಕಿವಿಯಲ್ಲಿ ಹೇಳಿದಾಗ ನನ್ನ ಹಳೆಯ ಸಿಟ್ಟೆಲ್ಲ ಕರಗಿತು. ಅತಿಥಿ ಎಂದು ನನ್ನನ್ನೂ ಗಂಡಸರ ಸಾಲಿನಲ್ಲೇ ಕೂರಿಸಿದಳು. ಮೊದಲ ತುತ್ತು ಬಾಯಿಗೆ ಹೋದಾಗ ಅದೇ ರುಚಿ, ಅದೇ ಬೆಳ್ಳುಳ್ಳಿ, ಅದೇ ಬೆಣ್ಣೆಯಂಥ ಎಲೆ. ತಲೆಯೆತ್ತಿದೆ. ಬೆಳಗಿನ ಶಿಫ್ಟು ಮುಗಿಸಿ ಬಂದ ರೂಪಾ ಬಟ್ಟೆಯನ್ನೂ ಬದಲಿಸದೆ ಬಡಿಸುತ್ತಿದ್ದಳು. ಗಂಗಕ್ಕ ಕುರ್ಚಿಯಲ್ಲಿ ಕೂತು ಸೊಸೆಗೆ ಹೇಳುತ್ತಿದ್ದಳು: ಮಾವಗ ನೀಡು, ಮಲ್ಲೂಗ ಇನ್ನೊಂದೀಟು ನೀಡು, ಕಾಕಾಗ ನೀಡು. ಬೋಗಾಣಿ ಓರೆಯಾಯಿತು. ತಳದ ಸಪ್ಪಳ ಬಂತು.

"ರೂಪಾಗ?" ಎಂದೆ.

"ಆಕಿದೇನು, ಆಕಿ ಏನರೆ ಹಚ್ಕೊಂಡು ತಿಂತಾಳ," ಎಂದಳು ಗಂಗಕ್ಕ.

ನಾನು ಅರ್ಧ ಊಟದಿಂದ ಎದ್ದೆ. ಹಬ್ಬದ ದಿನ, ತಾಟಿನಲ್ಲಿ ಅನ್ನ ಬಿಟ್ಟು. ಎಲ್ಲರೂ ನೋಡುತ್ತಿದ್ದಂತೆಯೇ ಹಿತ್ತಲ ನಲ್ಲಿಗೆ ಹೋಗಿ ಕೈತೊಳೆದೆ. ಗಂಗಕ್ಕ ಹಿಂದೆಯೇ ಬಂದಳು. "ನಿನ್ನ ಮೈಯಾಗ ರಕ್ತ ಬಂದದ, ಅಕ್ಕಾ. ನೆನಪು ಮಾತ್ರ ಉಳಿದಿಲ್ಲ," ಎಂದೆ.

ಅವಳು ನಲ್ಲಿ ಬಂದ್ ಮಾಡಿದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ದನಿ ಮಾತ್ರ ಏರಲಿಲ್ಲ. "ನೆನಪಿಲ್ಲಂತ ಯಾರು ಹೇಳಿದ್ರು ನಿನಗ? ಅವತ್ತ ಅವ್ರ ತಾಟಿಗೆ ನೀಡೂ ಮುಂದ ನನ್ನ ಹೊಟ್ಟಿ ಉರೀಲಿಲ್ಲಂತ ತಿಳದೀಯೇನು? ದಿನಾ ನೆನಸ್ತೀನಿ. ನಾ ಹಂಗ ಬಾಳೇ ಮಾಡೀನಿ. ನನಗ ಸಿಗಲಾರದ್ದು ಇಕಿಗೆ ಬಂದ ಆರು ತಿಂಗಳಿಗೆ ಸಿಗಬೇಕೇನು?"

ಇಷ್ಟು ವರ್ಷ ಅವಳಿಗೆ ಸಿಟ್ಟೇ ಬರುವುದಿಲ್ಲ ಎಂದು ತಿಳಿದು, ಅವಳ ಪಾಲಿನದನ್ನೂ ಸೇರಿಸಿ ನಾನೇ ಸಿಟ್ಟಾಗುತ್ತಿದ್ದೆ. ಅವಳಲ್ಲಿ ಸಿಟ್ಟು ನನಗಿಂತ ಹೆಚ್ಚೇ ಇತ್ತು. ಅದು ಹೋಗಬೇಕಾದವರ ಕಡೆ ಹೋಗದೆ, ಆ ಹುಡುಗಿಯ ತಾಟಿನ ಮೇಲೆ ಬಂದು ಕೂತಿತ್ತು. ಅವತ್ತು ಬಂದವಳು ಮೊನ್ನೆಯವರೆಗೂ ನಾನು ಅವಳಿಗೆ ಒಂದು ಫೋನು ಮಾಡಿರಲಿಲ್ಲ.

ಮೊನ್ನೆ ಆ ಗೋಣಿಚೀಲ ಕೈಗೆ ಬಂದಾಗ ಬಸ್ ಸ್ಟಾಪಿನಲ್ಲಿ ನಿಂತು ಯೋಚಿಸಿದೆ. ಇಷ್ಟು ಎಲೆ ನಾನು ಯಾರಿಗೆ ಮಾಡಲಿ? ಗಂಡ ಆಫೀಸಿಗೆ ಹೋಗಿದ್ದರು. ಮನೆಯ ಕಡೆಯ ಬಸ್ಸು ಬಂತು, ಹತ್ತಲಿಲ್ಲ. ಶಿವಾಜಿನಗರಕ್ಕೆ ಹೋಗುವುದನ್ನು ಹತ್ತಿ, ಅಲ್ಲಿಂದ ತಳೇಗಾಂವಕ್ಕೆ ಲೋಣಾವಳಾ ಲೋಕಲ್ ರೈಲು ಹಿಡಿದೆ. ಹೆಂಗಸರ ಡಬ್ಬಿಯಲ್ಲಿ ಎದುರಿನ ಹುಡುಗಿ ಚೀಲದ ಘಾಟು ತಾಳದೆ ಮೂಗಿಗೆ ದುಪಟ್ಟಾ ಹಿಡಿದಳು. ದುರುಗುಟ್ಟಿ ನೋಡಿದೆ, ಬಿಟ್ಟಳು.

ಬಾಗಿಲು ತೆರೆದ ಗಂಗಕ್ಕ ನನ್ನನ್ನೂ ಚೀಲವನ್ನೂ ನೋಡಿದಳು. ಬಾ ಎನ್ನಲಿಲ್ಲ, ಬಾಗಿಲು ಬಿಟ್ಟು ಸರಿದಳು. ರೂಪಾಗೆ ಮಧ್ಯಾಹ್ನದ ಶಿಫ್ಟು, ಮನೆಯಲ್ಲೇ ಇದ್ದಳು. ಗಂಡಸರು ಊಟಕ್ಕೆ ಬರಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ನಾನು ಚೀಲವನ್ನು ಅಡುಗೆಮನೆಯ ನೆಲದ ಮೇಲೆ ಸುರಿದು ನಾರು ಎಳೆಯಲು ಕೂತೆ. ಸ್ವಲ್ಪ ಹೊತ್ತಿಗೆ ಗಂಗಕ್ಕ ಎದುರಿಗೆ ಕೂತಳು. "ಹಂಗಲ್ಲ, ತುದಿಯಿಂದ ಎಳೀ," ಎಂದಳು. ಮುನಿಸು ಮುರಿದದ್ದು ಅಷ್ಟರಲ್ಲೇ. ಒಗ್ಗರಣೆ ಅವಳೇ ಹಾಕಿದಳು, ತಾಟಿಗೆ ನೀರು ಅವಳೇ ಹೊಯ್ದಳು. ರೂಪಾ ರೊಟ್ಟಿ ಬಡಿದಳು. ಎಲೆ ತನ್ನ ಪಾಡಿಗೆ ತಾನು ಬೆಂದಿತು.

ಬೋಗಾಣಿ ಇಳಿಸಿದ ಮೇಲೆ ನಾನು ಮೂರು ತಾಟು ಹಾಕಿದೆ.

"ಅವ್ರು ಬರ್ಲಿ," ಎಂದಳು ಗಂಗಕ್ಕ.

"ನಾ ಪಾವ್ಹಣಿ. ನನಗ ಹಸಿವಾಗೇದ. ಪಾವ್ಹಣೀನ ಒಬ್ಬಾಕಿನ್ನ ಕೂಡಿಸಿ ಉಣಸ್ತೀಯೇನು?"

ಬಂದ ಅತಿಥಿಯನ್ನು ಒಂಟಿಯಾಗಿ ಉಣ್ಣಿಸುವುದು ನಮ್ಮಲ್ಲಿ ಅವಮಾನ. ಅವಳು ನನ್ನನ್ನು ದಿಟ್ಟಿಸಿ, ಇದು ಮೋಸ ಎಂಬಂತೆ ನೋಡಿ, ಕೂತಳು. ರೂಪಾಳನ್ನೂ ಕೂರಿಸಿದೆ. ಹಬೆಯಾಡುವ ಪಲ್ಯ, ಬಿಸಿ ರೊಟ್ಟಿ. ಎರಡನೆಯ ತುತ್ತಿಗೋ ಮೂರನೆಯದಕ್ಕೋ ಗಂಗಕ್ಕ ಅಗಿಯುವುದನ್ನು ನಿಲ್ಲಿಸಿದಳು. "ಬಿಸಿ ರೊಟ್ಟಿ ಕೂಡ ತಿಂದ್ರ ಇದು ಬ್ಯಾರೇನ ಅದಲಾ," ಎಂದಳು. ಅವಳೇ ಹುಟ್ಟಿಸಿದ ಪಲ್ಯ ಅದು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಆಗ ಹೊರಗೆ ಚಪ್ಪಲಿಯ ಸದ್ದಾಯಿತು. ಭಾವನವರು ಅವತ್ತು ಬೇಗ ಬಂದಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂವರು ಹೆಂಗಸರು ಉಣ್ಣುತ್ತಿರುವುದನ್ನು ನೋಡಿ, "ಊಟಾ...?" ಎಂದರು.

ರೂಪಾ ಎಂಜಲು ಕೈಯಲ್ಲೇ ಧಡಕ್ಕನೆ ಎದ್ದಳು. ನಾನು ಬಾಯಿ ತೆರೆದೆ, ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಗಂಗಕ್ಕ ತನ್ನ ಎಡಗೈ ಚಾಚಿ ರೂಪಾಳ ಸೀರೆಯ ನೆರಿಗೆ ಹಿಡಿದು ಕೆಳಗೆ ಜಗ್ಗಿದಳು. ಹುಡುಗಿ ಕೂತಳು.

"ಹೊರಗ ಕೂಡ್ರಿ," ಎಂದಳು ಗಂಗಕ್ಕ ಗಂಡನಿಗೆ, ತಲೆಯೆತ್ತದೆ. "ಇನ್ನಾ ನಮ್ದು ಮುಗದಿಲ್ಲ."

ಭಾವನವರು ತಿರುಗಿ ಹೋದರು. ಆಮೇಲೆ ಹೊರಗಿನ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಗಂಗಕ್ಕ ಬೋಗಾಣಿಯನ್ನು ಹತ್ತಿರ ಎಳೆದುಕೊಂಡು, ಸೊಸೆಯ ತಾಟಿಗೆ ಒಂದು ಸೌಟು ನೀಡಿ, ತನಗೊಂದು ಸೌಟು ನೀಡಿಕೊಂಡು, ಇನ್ನೊಂದು ರೊಟ್ಟಿ ಮುರಿದಳು.